ಅತ್ತೆಯ ಬದಲಿಗೆ ಹಾಕುವ ಸಾಮಾನು

ತೊಂಬತ್ತರ ದಶಕದ ನಡುವಿನ ಮಾತು. ಗಂಡನ ಮನೆ ಸಾಕೆಂದು ಅತ್ತೆ ಚಂದಕವಾಡಿಯಿಂದ ಹಂಗಳದ ನಮ್ಮ ಮನೆಗೆ ಬಂದುಬಿಟ್ಟಾಗ ನಾನು ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ಚಾಮರಾಜನಗರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೆ. ಅತ್ತೆ ಎಂದರೆ ಅಪ್ಪನ ತಂಗಿ. ಅಲ್ಲಿ ಅವಳು ಬಾಯಿ ತೆರೆದರೆ ಬೈಗುಳ, ತೆರೆಯದಿದ್ದರೂ ಬೈಗುಳ. ಅಪ್ಪನಿಗೆ ಮಾತ್ರ ಊರವರ ಬಾಯಿಯದೇ ಚಿಂತೆ. ನಾಳೆ ಬಿಟ್ಟು ಬರುತ್ತೇನೆ ಎಂದು ದಿನಾ ಗೊಣಗುತ್ತಿದ್ದ. ಅಣ್ಣನ ಮುಂದೆ ನಿಂತು ಒಲ್ಲೆ ಎನ್ನುವ ಧೈರ್ಯ ಅತ್ತೆಗಿರಲಿಲ್ಲ.

ಅದೇ ಹೊತ್ತಿಗೆ ನಡುಮನೆಯಲ್ಲಿ ನನ್ನ ಪ್ರಾಜೆಕ್ಟಿನ ಆಂಪ್ಲಿಫೈಯರ್ ಹರಡಿಕೊಂಡಿತ್ತು: ಮೈಕು, ಒಂಬತ್ತು ವೋಲ್ಟಿನ ಬ್ಯಾಟರಿ, ಮಡಕೆಯ ಬಾಯಿಗೆ ಕವುಚಿದ ಸ್ಪೀಕರು. ಮೈಕಿನ ಸದ್ದನ್ನು ಮೊದಲು ಎತ್ತಿಕೊಳ್ಳುವ ಟ್ರಾನ್ಸಿಸ್ಟರನ್ನು ನಾಲ್ಕೂವರೆ ವೋಲ್ಟಿನಲ್ಲಿ, ಸರಿಯಾಗಿ ಮಧ್ಯದಲ್ಲಿ ಕೂರಿಸಬೇಕು. ಉಯ್ಯಾಲೆಯನ್ನು ಗೋಡೆಗೆ ಒತ್ತಿ ಕಟ್ಟಿದರೆ ಒಂದು ಕಡೆ ಢಿಕ್ಕಿ ಹೊಡೆಯುತ್ತದಲ್ಲ, ಹಾಗೇ ಮಧ್ಯ ತಪ್ಪಿದರೆ ದನಿ ಅರ್ಧಕ್ಕೇ ಕತ್ತರಿಸಿ ಗೊರಗೊರ ಎನ್ನುತ್ತದೆ. ಮಧ್ಯ ಹಿಡಿಯಲು, ಕರೆಂಟಿಗೆ ತಕ್ಕಷ್ಟು ತಡೆ ಒಡ್ಡುವ ಒಂದು ರೆಸಿಸ್ಟರ್ ಬೇಕು. ನನ್ನ ಬಳಿ ಇದ್ದೊಂದನ್ನು ಕಾಳೆಂದುಕೊಂಡು ಕೋಳಿ ನುಂಗಿತ್ತು.

ಆ ಜಾಗದ ಎರಡು ತಂತಿಗಳನ್ನು ಬೆರಳಲ್ಲಿ ಹಿಡಿದರೆ ಮೈಯೇ ರೆಸಿಸ್ಟರಿನ ಕೆಲಸ ಮಾಡುತ್ತದೆ. ಶಾಕ್ ಹೊಡೆಯುವಷ್ಟು ಬಲ ಆ ಬ್ಯಾಟರಿಗಿಲ್ಲ. ಸರಿ, ಮನೆಯವರನ್ನೆಲ್ಲ ಕೂರಿಸಿ ಮೀಟರ್ ಹಿಡಿದೆ. ಪಾತ್ರೆ ತೊಳೆದು ಬಂದ ಅವ್ವನ ಒದ್ದೆ ಕೈಗೆ ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಗುದ್ದಲಿ ಹಿಡಿದು ಜಡ್ಡುಗಟ್ಟಿದ ಅಪ್ಪನ ಕೈಗೆ ಒಂಬತ್ತರಿಂದ ಅಲುಗಲೇ ಇಲ್ಲ. ಅಲ್ಲಿ ಯಾರೂ ಇಲ್ಲ ಅನ್ನುತ್ತಿದೆ ಮೀಟರು ಎಂದು ನಾನು ಅಂದದ್ದಕ್ಕೆ ಅಪ್ಪ ಮುಖ ಊದಿಸಿಕೊಂಡ. ಅತ್ತೆ ಹಿಡಿದಳು. ನಾಲ್ಕೂವರೆ.

ಅಲ್ಲಿಂದ ಅತ್ತೆಗೆ ಮನೆಯಲ್ಲೊಂದು ಹುದ್ದೆ ಸಿಕ್ಕಿತು. ಪ್ರಾಜೆಕ್ಟ್ ಮುಗಿಯುವ ಮುಂಚೆ ಇವಳನ್ನು ಕಳಿಸಿದರೆ ನಾನು ಫೇಲು ಎಂದೆ, ಅಪ್ಪ ತೆಪ್ಪಗಾದ. ಸಂಜೆಯಾದರೆ ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಚೇರಿಗೆ ಬಂದವಳ ಗತ್ತಿನಲ್ಲಿ ತಂತಿ ಹಿಡಿದು ಕೂರುವಳು. ಆದರೆ ಅಪ್ಪ ಚಂದಕವಾಡಿ ಎಂದರೆ ಸಾಕು, ಅಂಗೈ ಬೆವತು ಮುಳ್ಳು ಜಾರುವುದು, ಮಡಕೆ ಗೊರಗುಟ್ಟುವುದು. ಆಂಪ್ಲಿಫೈಯರ್ ಮುಂದೆ ಆ ಊರಿನ ಹೆಸರೆತ್ತಬಾರದೆಂದು ಕಾನೂನು ಮಾಡಿದೆ. ಅಂಗಡಿಯಲ್ಲಿ ಬೇರೆ ರೆಸಿಸ್ಟರ್ ಸಿಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಾನಾಗಿ ಹೇಳಲಿಕ್ಕೆ ನನಗೇನು ತಲೆ ಕೆಟ್ಟಿತ್ತೇ?

ಅಪ್ಪನೇನು ದಡ್ಡನಲ್ಲ. ಒಂದು ದಿನ ಗುಂಡ್ಲುಪೇಟೆಯ ರೇಡಿಯೊ ರಿಪೇರಿ ಅಂಗಡಿಗೆ ಹೋಗಿ, ನನ್ನ ತಂಗಿಯ ಬದಲಿಗೆ ಹಾಕುವ ಸಾಮಾನು ಕೊಡಿ ಎಂದು ಕೇಳಿದನಂತೆ. ಅಂಗಡಿಯವನು ಗಾಬರಿಯಾಗಿ ಕುರ್ಚಿ ಹಿಂದಕ್ಕೆ ಸರಿಸಿದನಂತೆ. ಮೀಟರು, ಮುಳ್ಳು, ಮಡಕೆ ಎಲ್ಲ ವಿವರಿಸಿದ ಮೇಲೆ ಪುಸ್ತಕದ ಲೆಕ್ಕದಂತೆ ಒಂದು ರೆಸಿಸ್ಟರ್ ಕೊಟ್ಟು ಕಳಿಸಿದ. ಅಪ್ಪ ಕಾಗದದ ಪೊಟ್ಟಣ ಬಿಚ್ಚಿ ಅದನ್ನು ನನ್ನ ಮುಂದಿಟ್ಟ.

“ಆಕು ಕಣ್ಲಾ ಇದ. ಬೆಳಗ್ಗೆ ಬಸ್ಸಿಗೆ ಇವಳ್ನ ಬುಟ್ಟು ಬತ್ತೀನಿ.”

ಬೆಸೆದೆ. ಮುಳ್ಳು ಒಂದೂವರೆಗೆ ಹೋಗಿ ಕೂತಿತು. ಟ್ರಾನ್ಸಿಸ್ಟರಿಂದ ಟ್ರಾನ್ಸಿಸ್ಟರಿಗೆ ಗುಣ ಬೇರೆ; ಪುಸ್ತಕದ ಲೆಕ್ಕ ನನ್ನದಕ್ಕೆ ಹೊಂದಲಿಲ್ಲ. ಅಪ್ಪ ಮೈಕಿನಲ್ಲಿ ಹಲೋ ಎಂದ, ಮಡಕೆ ಕೆಮ್ಮಿತು. ಗಟ್ಟಿಯಾಗಿ ಹಲೋ ಎಂದ, ಮಡಕೆ ಇನ್ನೂ ಗಟ್ಟಿಯಾಗಿ ಕೆಮ್ಮಿತು. ನಾನು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟೆ.

ಯಾರೂ ಕರೆಯದೆಯೇ ಅತ್ತೆ ಬಂದು ಕೂತಳು. ತಂತಿಗಳನ್ನು ಹಿಡಿದು ಮೈಕಿಗೆ ಬಾಗಿದಳು.

“ಅಣ್ಣ, ನಾನು ಚಂದಕವಾಡಿಗೆ ಓಗಕಿಲ್ಲ ಕಣಣ್ಣ.”

ಒಂದಕ್ಷರವೂ ಒಡೆಯಲಿಲ್ಲ. ಎದುರು ಮನೆಯವರು ಜಗಲಿಗೆ ಬಂದು ನಿಂತರು. ಮುಳ್ಳು ನಾಲ್ಕೂವರೆ ಬಿಟ್ಟು ಕದಲಿರಲಿಲ್ಲ. ಅಪ್ಪ ಮೀಟರನ್ನು ನೋಡಿದ, ತಂಗಿಯ ಮುಖವನ್ನು ನೋಡಿದ. ಆಮೇಲೆ ಮೇಜಿನ ಮೇಲಿದ್ದ ರೆಸಿಸ್ಟರನ್ನು ತೆಗೆದು ಅದೇ ಕಾಗದದಲ್ಲಿ ಸುತ್ತಿದ.

“ಗುಂಡ್ಲುಪೇಟೆಗೆ ಓಗಿ ಇದ ವಾಪಸ್ ಕೊಟ್ಟು ಬತ್ತೀನಿ” ಎಂದ.