ಕೌದಿಯೊಳಗಿನ ಸೂಜಿ

ಮದುವೆಯಾಗಿ ಗೋಕಾಕಕ್ಕೆ ಬಂದ ಮರುವರ್ಷ ನಾನು ಬಸುರಾದೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ನಮ್ಮ ಯಜಮಾನರು ಸಾಲಿ ಮಾಸ್ತರು. ಅವರು, ಅತ್ತೆ, ನಾನು, ಇಷ್ಟೇ ಜನರ ಮನೆ. ಹೊಟ್ಟೆಯಲ್ಲಿ ಕೂಸು ಮಿಸುಕಾಡತೊಡಗಿದಾಗ ಅತ್ತೆ ತಮ್ಮ ಹಳೇ ಸೀರೆಗಳನ್ನು ತೆಗೆದುಕೊಟ್ಟು, "ಸಣ್ಣದೊಂದು ಕೌದಿ ಹೊಲಿಯವಾ. ಕುಂತಲ್ಲೆ ಕೈಗೆ ಕೆಲಸ ಆಗ್ತೈತಿ" ಎಂದರು.

ಹೊಲಿಯುವುದು ನನಗೆ ಮೊದಲಿನಿಂದಲೂ ಇಷ್ಟ. ಕೌದಿ ಮುಗಿಸಿ ಮಡಚುತ್ತಿದ್ದೆ. ಆಗ ತಲೆಯಲ್ಲಿ ಒಂದು ವಿಚಾರ ಬಂತು: ಒಳಗೆ ಸೂಜಿ ಉಳಿದಿದ್ದರೆ? ಸೂಜಿ ನನ್ನ ಕಣ್ಣೆದುರೇ ದಾರದುಂಡೆಗೆ ಚುಚ್ಚಿಕೊಂಡು ನಿಂತಿತ್ತು. ಆದರೂ ಅಂಗೈಯಿಂದ ಕೌದಿಯನ್ನೆಲ್ಲ ಸವರಿ ನೋಡಿದೆ, ಸಮಾಧಾನವಾಯಿತು. ರೊಟ್ಟಿ ಬಡಿಯಲು ಹಿಟ್ಟು ನಾದುವಷ್ಟರಲ್ಲಿ ಆ ಸಮಾಧಾನ ಎಲ್ಲಿ ಹೋಯಿತೋ. ಸೂಜಿಯ ಮೊನೆ ಮುರಿದು ಅಷ್ಟೇ ಒಳಗೆ ಉಳಿದಿದ್ದರೆ? ಹಿಟ್ಟಿನ ಕೈ ತೊಳೆದು ಮತ್ತೆ ಹೋಗಿ ಸವರಿದೆ.

ಮರುದಿನ ಹೊಲಿಗೆ ಬಿಚ್ಚಿಯೇಬಿಟ್ಟೆ. ಏನೂ ಇರಲಿಲ್ಲ. ಮತ್ತೆ ಹೊಲಿದೆ. ಹೊಲಿದ ಮೇಲೆ ಮತ್ತೆ ಅದೇ ಸಂಶಯ. ನನಗೇ ಸೋಜಿಗವಾಗುತ್ತಿತ್ತು. ಸೂಜಿ ಇಲ್ಲವೆಂದು ಖಾತ್ರಿ ಇತ್ತು, ಆದರೂ ಕೈ ಸುಮ್ಮನಿರುತ್ತಿರಲಿಲ್ಲ. ನನ್ನೊಳಗೆ ಇಬ್ಬರಿದ್ದ ಹಾಗೆ. ಒಬ್ಬಳು ನಗುತ್ತ ನೋಡುತ್ತಿದ್ದಳು, ಇನ್ನೊಬ್ಬಳು ಬೆವರುತ್ತ ದಾರ ಕೀಳುತ್ತಿದ್ದಳು.

"ಇದೇನು, ಇದು ಮುಗದಿತ್ತಲ್ಲ?" ಎಂದು ಯಜಮಾನರು ಕೇಳಿದರು.

"ಹೊಲಿಗಿ ಸೊಟ್ಟ ಆಗಿತ್ರಿ" ಎಂದೆ.

ಬಾಣಂತನಕ್ಕೆ ಬೆಲ್ಲದ ಬಾಗೇವಾಡಿಗೆ, ತವರಿಗೆ ಹೋದೆ. ಹೆಣ್ಣುಕೂಸು ಹುಟ್ಟಿತು. ಸೂಜಿಯ ಹೆದರಿಕೆ ಯಾರೋ ಒರೆಸಿಹಾಕಿದಂತೆ ಹೋಗಿಬಿಟ್ಟಿತು. ಆ ಕೌದಿಯಲ್ಲೇ ಕೂಸನ್ನು ಸುತ್ತಿ ಮಲಗಿಸಿದೆ. ಇನ್ನು ಎಲ್ಲ ನೆಟ್ಟಗಾಯಿತು ಅಂದುಕೊಂಡೆ.

ಒಂದು ಬೆಳಿಗ್ಗೆ ಅವ್ವ ಈಳಿಗೆಯ ಮೇಲೆ ಸಬ್ಬಸಗಿ ಸೊಪ್ಪು ಹೆಚ್ಚುತ್ತಿದ್ದಳು. ನಾನು ಬಾಜೂಕ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದೆ. ಹಾಲು ಕುಡಿದ ಕೂಸು ನನ್ನ ಬೆರಳು ಹಿಡಿದುಕೊಂಡಿತು. ನನಗೆ ಮುದ್ದು ಉಕ್ಕಿ ಬಂತು. ಅದೇ ಗಳಿಗೆಯಲ್ಲಿ ಕಣ್ಣು ಈಳಿಗೆಯ ಅಲಗಿನ ಮೇಲೆ ಬಿತ್ತು. ನಾನೇ ಈ ಕೂಸಿಗೆ ಏನಾದರೂ ಮಾಡಿಬಿಟ್ಟರೆ?

ಕೂಸನ್ನು ಅವ್ವನ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ಕೈ ತೊಳೆದೆ. ಯಾಕೆ ತೊಳೆದೆನೋ ಗೊತ್ತಿಲ್ಲ. ಆ ವಿಚಾರ ಕೈಗೆ ಅಂಟಿಕೊಂಡಿದೆ ಅನ್ನಿಸಿತ್ತು.

ಆಮೇಲೆ ಈಳಿಗೆಯನ್ನು ಅಟ್ಟಕ್ಕೆ ಹಾಕಿಸಿದೆ. ಹಿತ್ತಲಿನ ಬಾವಿಯ ಕಡೆ ಹೋಗುವುದನ್ನು ಬಿಟ್ಟೆ. ಅವ್ವ ಎದುರಿಗಿದ್ದರೆ ಮಾತ್ರ ಹಾಲು ಕುಡಿಸುತ್ತಿದ್ದೆ. ಕೈ ತೊಳೆದು ತೊಳೆದು ಬೆರಳ ಸಂದಿ ಬಿರಿದವು. ಗಾಳಿ ಸೋಕಿರಬೇಕೆಂದು ಅವ್ವ ಗುಡಿಯಿಂದ ದಾರ ಮಂತ್ರಿಸಿಕೊಂಡು ಬಂದು ನನ್ನ ಮುಂಗೈಗೆ ಕಟ್ಟಿದಳು. ಆಮೇಲೆ ಆ ದಾರದ ಗಂಟು ಸಡಿಲಾಯಿತೇನೋ ಎಂದು ನೋಡಿಕೊಳ್ಳುವುದೇ ನನಗೊಂದು ಕೆಲಸವಾಯಿತು.

"ಗಂಟ ನೋಡ್ಕೋತ ಕುಂತ್ರ ಕೂಸಿನ್ನ ನೋಡಾವ್ರ ಯಾರ?" ಎಂದು ಅವ್ವ ಅತ್ತಳು.

ಕೂಸನ್ನು ನೋಡಲು ಹುಕ್ಕೇರಿಯಿಂದ ಅವ್ವನ ಅಕ್ಕ ಬಂದಳು. ನಮಗೆಲ್ಲ ದೊಡ್ಡವ್ವ. ಬಾಯಿ ಜೋರು, ಕಣ್ಣು ಚುರುಕು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದನ್ನು ಬಂದ ದಿನವೇ ನೋಡಿದಳು. ಅವ್ವ ನೀರಿಗೆ ಹೋಗುವುದನ್ನೇ ಕಾದಿದ್ದು ಕೇಳಿದಳು:

"ಕೂಸು ಅಳಾಕತ್ತೈತಿ, ಯಾಕ ಎತ್ಕೊಳವಲ್ಲಿ?"

"ಕೈ ತೊಳಕೊಂಡಿಲ್ಲ, ದೊಡ್ಡವ್ವ."

"ಈಗರ ತೊಳದಿ. ನಾ ನೋಡೇನಿ."

ಅವಳು ಕೂಸನ್ನೆತ್ತಿ ಹೆಗಲಿಗೆ ಹಾಕಿಕೊಂಡು ತಟ್ಟುತ್ತ ನನ್ನ ಮುಂದೆಯೇ ಕೂತಳು. ಇನ್ನು ತಡೆಯಲಾಗಲಿಲ್ಲ, ಎಲ್ಲ ಹೇಳಿದೆ. ಕೂಸನ್ನು ನನ್ನಿಂದ ದೂರ ಒಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಅಲುಗಾಡಲಿಲ್ಲ.

"ಯಾವಾಗ ಬರ್ತೈತಿ ಅದು? ಕೂಸಿನ ಮ್ಯಾಲೆ ಸಿಟ್ಟು ಬಂದಾಗೇನು?"

ಇದನ್ನು ನಾನೇ ವಿಚಾರ ಮಾಡಿರಲಿಲ್ಲ. "ಇಲ್ಲ, ಮುದ್ದು ಬಂದಾಗ" ಎಂದೆ.

"ಹಂಗಾರ ನನಗೂ ಇದ ಆಗಿತ್ತು." ಅವಳು ದನಿ ತಗ್ಗಿಸಿದಳು. "ಹಿರಿಯಾವ ಹುಟ್ಟಿದಾಗ. ಬಾವಿ ಮುಂದ ನಿಂತ್ರ ಸಾಕು, ಕೈ ಬಿಟ್ಟರ ಹೆಂಗ ಅನಸ್ತಿತ್ತು. ಆ ಬಾವಿ ನೀರನ್ನ ಮುಟ್ಟಲಿಲ್ಲ ನಾ. ಸೊಂಟ ನೋಯ್ತೈತಿ ಅಂತ ಸುಳ್ಳು ಹೇಳಿ ಮಂದಿ ಕಡಿಂದ ತರಸ್ತಿದ್ದೆ."

"ಯಾರಿಗೆ ಹೇಳಿದ್ದಿ?"

"ಯಾರಿಗೂ ಇಲ್ಲ. ಇವತ್ತ ನಿನಗ ಹೇಳಾಕತ್ತೇನಿ."

ಅವಳ ಆ ಹಿರಿಯ ಮಗ ಆಗ ಹುಕ್ಕೇರಿಯ ಸಂತೆಯಲ್ಲಿ ಎತ್ತಿನ ದಲಾಲಿ ಮಾಡುತ್ತಿದ್ದ, ದಪ್ಪ ಮೀಸೆಯ ಗಂಡಸು. ಅವನನ್ನು ನೆನೆದು ನನಗೆ ಎಂಥದೋ ಧೈರ್ಯ ಬಂತು.

"ಆಮ್ಯಾಲ ಹೆಂಗ ಹೋತು?"

"ಅದು ಬರೂದು ನಿಲ್ಲಲಿಲ್ಲ. ನಾ ಓಡೂದು ಬಿಟ್ಟೆ. ತಲ್ಯಾಗ ಬಂತಂದ್ರ ಮಾಡಿಧಂಗ ಆತೇನು? ನಿಮ್ಮ ದೊಡ್ಡಪ್ಪನ ತಲಿಮ್ಯಾಲ ಕೊಡ ಒಗೀಬೇಕು ಅಂತ ದಿನಾ ಅನಸ್ತೈತಿ. ಒಗದೇನೇನು?"

ಹೆರಿಗೆಯಾದ ಮೇಲೆ ನಾನು ನಕ್ಕದ್ದು ಅದೇ ಮೊದಲು. ನಗುತ್ತಲೇ ಅಳು ಬಂತು.

ಮರುದಿನ ಅವಳು ಅಟ್ಟದಿಂದ ಈಳಿಗೆ ಇಳಿಸಿ, ಕೂಸನ್ನು ನನ್ನ ಬಾಜೂಕ ಕೌದಿಯ ಮೇಲೆ ಮಲಗಿಸಿ, ಸೊಪ್ಪಿನ ಸಿವುಡು ಮುಂದಿಟ್ಟಳು. ತಾನು ಗೋಡೆಗೆ ಆತು ಕೂತು ಅಡಕೆ ಕತ್ತರಿಸತೊಡಗಿದಳು. ವಿಚಾರ ಬಂದೇ ಬಂತು. ಎದೆ ಢವಢವ ಹೊಡೆದುಕೊಂಡಿತು. "ಬಂತೇನು?" ಎಂದಳು. ತಲೆಯಾಡಿಸಿದೆ. "ಬರಲಿ. ನೀ ಹೆಚ್ಚು." ಹೆಚ್ಚಿದೆ. ದಂಟು ದಪ್ಪ ದಪ್ಪ ಬಿದ್ದವು. ಸಿವುಡು ಮುಗಿಯಿತು, ವಿಚಾರ ಇನ್ನೂ ಇತ್ತು, ಆದರೆ ಎದೆ ಮೊದಲಿನಷ್ಟು ಹೊಡೆದುಕೊಳ್ಳುತ್ತಿರಲಿಲ್ಲ. ಇದು ಹೇಗಾಯಿತೆಂದು ನನಗೆ ಬೆರಗಾಯಿತು. ಮರುದಿನ ಮತ್ತೆ ಕೂತೆ. ಕೆಲವು ದಿನ ಹಗುರ, ಕೆಲವು ದಿನ ಮೊದಲಿಗಿಂತ ಕೆಟ್ಟದು. ಗೋಕಾಕಕ್ಕೆ ಮರಳುವ ಹೊತ್ತಿಗೆ ಒಬ್ಬಳೇ ಕೂಸಿಗೆ ನೀರು ಎರೆಯುವಷ್ಟಾಗಿದ್ದೆ.

ದೊಡ್ಡವ್ವನ ಮಾತಿನಿಂದ ನನಗೊಂದು ಹೊಸ ಚಟ ಹತ್ತಿತು. ಅತ್ತೆಯ ಜೊತೆ ಬಟ್ಟೆ ಒಗೆಯಲು ಹೊಳೆಗೆ ಹೋದಾಗ ಮಕ್ಕಳೊಂದಿಗರನ್ನು ಕಂಡರೆ ನನ್ನ ಸೂಜಿಯ ಕಥೆ ಹೇಳಿ, "ನಿಮಗ ಏನರ ಹಿಂಗ ಆಗಿತ್ತೇನ್ರಿ?" ಎಂದು ಕೇಳುತ್ತಿದ್ದೆ. ಕೆಲವರು ಮುಖ ತಿರುಗಿಸುತ್ತಿದ್ದರು. ಬಳೆ ವ್ಯಾಪಾರದ ಮನೆಯ ಮುಸ್ಲಿಂ ಹೆಂಗಸೊಬ್ಬಳು ಮಾತ್ರ ಒಗೆಯುವುದನ್ನೇ ನಿಲ್ಲಿಸಿ ನನ್ನ ಹತ್ತಿರ ಸರಿದಳು. ಕೂಸಿಗೆ ಉಸಿರಿದೆಯೋ ಇಲ್ಲವೋ ಎಂದು ಅವಳು ಅದರ ಮೂಗಿನ ಹತ್ತಿರ ಕನ್ನಡಿ ಹಿಡಿಯುತ್ತಿದ್ದಳಂತೆ. ಕನ್ನಡಿ ಮಂಜಾಯಿತೆಂದರೆ ಜೀವ ಬಂದಂತೆ. ಆಮೇಲೆ ಕನ್ನಡಿ ಒಡೆದು ಕೂಸಿನ ಕಣ್ಣಿಗೆ ಚೂರು ಬಿದ್ದರೆ ಎಂಬ ಹೆದರಿಕೆ ಹುಟ್ಟಿತಂತೆ.

"ಇಂಥಾವೆಲ್ಲಾ ಹೊಳಿದಂಡ್ಯಾಗ ಮಾತಾಡೂವಲ್ಲ" ಎಂದು ಅತ್ತೆ ದಾರಿಯಲ್ಲಿ ಬೈದರು. ಒಂದಷ್ಟು ದೂರ ನಡೆದು, "ಮುಂದ ಆಕಿ ಕನ್ನಡಿ ಏನ್ ಮಾಡಿದ್ಲಂತ?" ಎಂದು ಕೇಳಿದರು.

ಎರಡನೆಯ ಸಲ ಬಸುರಾದಾಗ ಹಿಡಕಲ್ಲಿನ ಕಡೆ ಆಣೆಕಟ್ಟಿನ ಮಾತು ಜೋರಾಗಿತ್ತು. ಯಜಮಾನರಿಗೆ ಆ ಕಡೆಯ ಒಂದು ಹಳ್ಳಿಗೆ ವರ್ಗವಾಗಿತ್ತು. ಹೆದರಿಕೆ ಮತ್ತೆ ಬಂತು. ಈ ಸಲ ಒಲೆಯ ಬೆಂಕಿಯ ರೂಪದಲ್ಲಿ. ಅದರ ಗುರುತು ಸಿಕ್ಕಿತ್ತಾದ್ದರಿಂದ ಮುಚ್ಚಿಡಲಿಲ್ಲ. ಯಜಮಾನರು ಸಾಲಿಯಿಂದ ಬಂದು ಚಹಾ ಕುಡಿಯುವಾಗ ಮೊದಲ ಬಾಣಂತನದಿಂದ ಹಿಡಿದು ಎಲ್ಲ ಹೇಳಿದೆ. ಅವರು ಕಪ್ಪು ಕೆಳಗಿಟ್ಟು ಕೇಳಿಸಿಕೊಂಡರು.

"ನಿಮಗ ಇಂಥಾದ್ದು ಏನೂ ಆಗೂದಿಲ್ಲೇನ್ರಿ?" ಎಂದೆ.

ಅವರು ಜೇಬಿನಿಂದ ಕೀಲಿಕೈ ತೆಗೆದು ನೋಡಿದರು. "ಸಾಲಿ ಕೀಲಿ" ಎಂದರು. "ಹಾಕಿ ಬಂದಿರ್ತೇನಿ. ಅರ್ಧಾ ದಾರಿಗೆ ಹಾಕಿಲ್ಲ ಅನಸ್ತೈತಿ. ತಿರುಗಿ ಹೋಗಿ ಜಗ್ಗಿ ನೋಡಿ ಬರ್ತೇನಿ. ದಿನಾ ತಡಾ ಆಗೂದು ಅದಕ್ಕ."

ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ಸಾಲಿಯಲ್ಲೇ ನಿಲ್ಲುತ್ತಾರೆಂದು ನಾನು ಇಷ್ಟು ವರ್ಷ ನಂಬಿದ್ದೆ. "ಇವತ್ತೂ ಹೋಗಿದ್ರೇನು?" ಎಂದೆ.

"ಹೋಗಿದ್ದೆ" ಎಂದು ಅವರು ನಾಚಿಕೊಂಡು ನಕ್ಕರು. ನಾನು ಇನ್ನೊಂದು ಕಪ್ಪು ಚಹಾ ಇಟ್ಟು, ಜಗ್ಗಿದಾಗ ಕೈಗೆ ಏನನಿಸುತ್ತದೆ, ಆ ಸಮಾಧಾನ ಎಷ್ಟು ದೂರದವರೆಗೆ ಉಳಿಯುತ್ತದೆ ಎಂದು ಕೇಳತೊಡಗಿದೆ.