ಹೂಂ, ಉಹೂಂ

ಆ ಕೋಣೆಯ ಗೋಡೆ ಹಸಿರು ಎಂದು ಡೈರಿಯಲ್ಲಿ ಬರೆದಿದ್ದೇನೆ. ನೆನಪಿನಲ್ಲಿ ಅದು ಬಿಳಿ. ಡೈರಿಯನ್ನೂ ಒಂದು ವಾರ ಬಿಟ್ಟು ಬರೆದದ್ದು, ಹಾಗಾಗಿ ಎರಡೂ ತಪ್ಪಿರಬಹುದು. ಹೊಗೆ ಮಾತ್ರ ನಿಜ. ತೊಂಬತ್ತರ ದಶಕದ ಕೊನೆಗೆ, ಆ ವರ್ಷ ಸುಮಾತ್ರಾದ ಕಾಡುಗಳು ಉರಿದು, ಮಲೇಷ್ಯಾದ ಮೆಲಾಕಾದಲ್ಲಿ ನಡು ಮಧ್ಯಾಹ್ನವೂ ದೀಪ ಹಾಕಬೇಕಿತ್ತು. ಎದುರಿನ ಮನೆಗಳು ಬೆಳಿಗ್ಗೆ ಇರುತ್ತಿದ್ದವು, ಹತ್ತು ಗಂಟೆಗೆ ಇರುತ್ತಿರಲಿಲ್ಲ.

ಚಿಕ್ಕಪ್ಪ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಅವರೂ ಚಿಕ್ಕಮ್ಮನೂ ಬೇರೆಯಾಗುವುದು ತೀರ್ಮಾನವಾಗಿತ್ತು. ಉಳಿದದ್ದು ಒಂದೇ ವಿಷಯ: ಏಳು ವರ್ಷದ ಮಗಳು ಅಪ್ಪನ ಜೊತೆ ಅಲ್ಲಿರುವುದೋ, ಅಮ್ಮನ ಜೊತೆ ಉಡುಪಿಗೆ ಬರುವುದೋ. ಕೋರ್ಟಿಗೆ ಹೋದರೆ ನಮ್ಮ ಕಡೆಯ ಡಾಕ್ಟರರ ಮನೆಗಳಲ್ಲೆಲ್ಲ ಅದೇ ಮಾತಾಗುತ್ತದೆಂದು ಇಬ್ಬರೂ ಮಧ್ಯಸ್ಥಿಕೆಗೆ ಒಪ್ಪಿದರು. ಮಧ್ಯಸ್ಥರು ನಿವೃತ್ತ ತಮಿಳು ವಕೀಲರು. ಚಿಕ್ಕಮ್ಮನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಸಂಕಟದಲ್ಲಿ ಬಾಯಿಗೆ ಬರುತ್ತಿದ್ದದ್ದು ಕನ್ನಡವೇ. ಎಂ.ಎ. ಮುಗಿಸಿ ಅವಳಿಗೆ ಜೊತೆಯಾಗಲು ಹೋಗಿದ್ದ ನಾನು ದುಭಾಷಿಯಾದೆ.

ಅಂಗಡಿಯೊಂದರ ಮಹಡಿಯಲ್ಲಿ ಎರಡು ಕೋಣೆ, ನಡುವೆ ಹಲಗೆಯ ಗೋಡೆ. ಈಚೆ ನಾವಿಬ್ಬರು, ಆಚೆ ಚಿಕ್ಕಪ್ಪ.

"ನಾನು ಮಾಮಕ್ ಅಂಗಡಿ ಸಪ್ಲೈಯರ್ ಲಾ," ಎಂದು ಮಧ್ಯಸ್ಥರು ನಕ್ಕರು. "ಆ ಟೇಬಲ್ಲಿಂದ ಈ ಟೇಬಲ್ಲಿಗೆ. ಅಡುಗೆ ನಂದಲ್ಲ." ಮಾಮಕ್ ಎಂದರೆ ಅಲ್ಲಿನ ತಮಿಳು ಮುಸ್ಲಿಮರ ಹೋಟೆಲು; ಮಾತಿನ ಕೊನೆಗೊಂದು 'ಲಾ' ಅಲ್ಲಿಯವರ ರೂಢಿ. ನನಗೊಂದು ನಿಯಮ ಹಾಕಿದರು. 'ಚಿಕ್ಕಮ್ಮ ಹೀಗೆ ಹೇಳುತ್ತಾಳೆ' ಅನ್ನಬಾರದು. ಅವಳ ಮಾತನ್ನು 'ನಾನು' ಎಂದೇ ಹೇಳಬೇಕು.

"ಮಗಳನ್ನು ಬಿಟ್ಟು ನಾನು ಇರಲಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ, ಮದುವೆಯೇ ಆಗದ ನಾನು. ಮಧ್ಯಸ್ಥರು ಆಚೆ ಹೋದರು. ಸ್ವಲ್ಪ ಹೊತ್ತಿಗೆ ಹಲಗೆಯ ಆಚೆಯಿಂದ ಗಂಡುದನಿಯಲ್ಲಿ ಅದೇ ಮಾತು: ಮಗಳನ್ನು ಬಿಟ್ಟು ನಾನು ಇರಲಾರೆ. ಚಿಕ್ಕಮ್ಮನ ಮಾತನ್ನು ಮಧ್ಯಸ್ಥರು ಒಪ್ಪಿಸುತ್ತಿದ್ದರೋ, ಚಿಕ್ಕಪ್ಪ ತನ್ನದನ್ನೇ ಹೇಳುತ್ತಿದ್ದರೋ ತಿಳಿಯಲಿಲ್ಲ.

ಚಿಕ್ಕಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ಎಂತ ಮಾರಾಯ್ತಿ, ಉಸಿರು ಕೂಡ ನನ್ನ ಹಾಗೇ ಎಳೀತಿಯಲ್ಲ," ಅಂದಳು. ತಮಾಷೆಗೇ ಇರಬೇಕು. ನನ್ನ ಮಣಿಕಟ್ಟು ಹಿಡಿದಿದ್ದ ಅವಳ ಕೈ ತಣ್ಣಗಿತ್ತು.

ಮೂರನೆಯ ಸಲವೋ ನಾಲ್ಕನೆಯ ಸಲವೋ ಮಧ್ಯಸ್ಥರು ಒಂದು ಕಾಗದ ತಂದು ಓದಿದರು. ಶಾಲೆ ಇರುವಷ್ಟು ಕಾಲ ಮಗಳು ಅಪ್ಪನ ಹತ್ತಿರ. "ಹೂಂ," ಎಂದಳು ಚಿಕ್ಕಮ್ಮ. ದೊಡ್ಡ ರಜೆಯಲ್ಲಿ ಉಡುಪಿ. "ಹೂಂ." ನಮ್ಮಲ್ಲಿ ಹೂಂಗುಟ್ಟುವುದೆಂದರೆ ಕೇಳಿಸುತ್ತಿದೆ, ಮುಂದೆ ಹೇಳು ಎಂದಷ್ಟೇ. ಇದನ್ನು ಅವರಿಗೆ ನಾನು ಹೇಳಬೇಕಿತ್ತು.

"ಒಪ್ಪಿಗೆಯಾ?" ಎಂದು ಅವರು ಕೇಳಿದ್ದನ್ನು ಕನ್ನಡಕ್ಕೆ ತಿರುಗಿಸಿದೆ. ಹೊಗೆಗೆಂದು ಕಟ್ಟಿಕೊಂಡಿದ್ದ ಮಾಸ್ಕಿನೊಳಗೆ ಚಿಕ್ಕಮ್ಮ ಕೆಮ್ಮಿದಳು. ಕೆಮ್ಮಿನ ಬಾಲದಲ್ಲಿ ಒಂದು ಸದ್ದು ಬಂತು. ಹೂಂ. ಅದಕ್ಕೆ ಮೊದಲು ಒಂದು 'ಉ' ಇತ್ತೇ, ಅದು ಬಟ್ಟೆಯಲ್ಲಿ ಸಿಕ್ಕಿಕೊಂಡಿತೇ, ಅಥವಾ ಇಷ್ಟು ವರ್ಷಗಳಲ್ಲಿ ನಾನೇ ಅಲ್ಲಿ ತಂದಿಟ್ಟೆನೇ, ಗೊತ್ತಿಲ್ಲ.

"ನಾನು ಒಪ್ಪುತ್ತೇನೆ," ಎಂದೆ.

ಆ ಮಾತು ನನ್ನ ದನಿಯಲ್ಲಿ ಬರಲಿಲ್ಲ. ಅವಳ ಎಳೆತ, ಅವಳ ಒಡಕು. ಬೇರೆ ಯಾವ ಕೋಣೆಯಿಂದಲೋ ಯಾರೋ ಕರೆದಂತೆ ಚಿಕ್ಕಮ್ಮ ತಲೆಯೆತ್ತಿದಳು. ಮಧ್ಯಸ್ಥರು ಆಗಲೇ ಬಾಗಿಲು ದಾಟಿದ್ದರು. ಹಲಗೆಯ ಆಚೆ ಗಂಡುದನಿ ಹೇಳಿತು, ನಾನು ಒಪ್ಪುತ್ತೇನೆ. ಆಮೇಲೆ ಚಿಕ್ಕಪ್ಪ ಅಳುವುದು ಕೇಳಿಸಿತು.

ಕಾಗದ ಮತ್ತೆ ಬಂತು. ನಾನು ಬೆರಳಿಟ್ಟ ಜಾಗದಲ್ಲಿ ಚಿಕ್ಕಮ್ಮ ಓದದೆ ಸಹಿ ಹಾಕಿದಳು.

ಪಕ್ಕದ ಮನೆಯಲ್ಲಿ ಬಿಟ್ಟಿದ್ದ ಮಗಳನ್ನು ಕರೆತರಲು ಹೋದೆವು. "ಸೋ ಐ ಸ್ಟೇ ವಿತ್ ಪಪ್ಪಾ, ಲಾ?" ಎಂದು ಅವಳು ಅಮ್ಮನನ್ನು ಕೇಳಿದಳು. ಆ ಮಾತು ಚಿಕ್ಕಮ್ಮನಿಗೆ ಅರ್ಥವಾಗದ್ದಲ್ಲ. ಆದರೂ ನನ್ನ ಕಡೆ ತಿರುಗಿ, ನಾನು ತಿರುಗಿಸಿ ಹೇಳಲಿ ಎಂಬಂತೆ ಕಾದಳು. ನಾನು ಬಗ್ಗಿ ಮಗುವಿನ ಚಪ್ಪಲಿ ಹುಡುಕತೊಡಗಿದೆ.

ಚಿಕ್ಕಮ್ಮ ಒಬ್ಬಳೇ ಉಡುಪಿಗೆ ಬಂದಳು. ಆ ಮಧ್ಯಾಹ್ನದ ಬಗ್ಗೆ ನಾವು ಮಾತಾಡಿರಲಿಲ್ಲ. ಹೋದ ವರ್ಷ ಅವಳ ಜೊತೆ ಕೂತು ಹಲಸಿನ ಬೀಜ ಸುಲಿಯುತ್ತಿದ್ದಾಗ, ತಲೆ ತಗ್ಗಿಸಿಕೊಂಡೇ ಕೇಳಿಬಿಟ್ಟೆ.

"ಚಿಕ್ಕಮ್ಮಾ, ಅವತ್ತು ನೀನು ಅಂದದ್ದು ಉಹೂಂ ಅಂತ ಆದರೆ, ಮತ್ತೆ ಸಹಿ ಯಾಕೆ ಹಾಕಿದೆ?"