ಅತ್ತೆಯ ಪತ್ರ ಯಾರದು?

ನನಗೊಂದು ಕೆಟ್ಟ ಚಟವಿದೆ. ಏನನ್ನೂ ಎಸೆಯಲಾರೆ. ಹಳೆಯ ಬಸ್ ಟಿಕೆಟು, ಬರೆಯದ ಪೆನ್ನು, ಮುಖವೇ ನೆನಪಿಲ್ಲದವರ ಮದುವೆ ಕಾರ್ಡು, ಇವೆಲ್ಲ ಹೈದರಾಬಾದಿನ ಲಿಂಗಂಪಲ್ಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನನಗಿಂತ ಹೆಚ್ಚು ಜಾಗ ಹಿಡಿದಿವೆ. ಕಂಪ್ಯೂಟರು ಬಂದಾಗ ಹೆಂಡತಿ ನಿಟ್ಟುಸಿರುಬಿಟ್ಟಳು, ಇನ್ನು ಕಸವೆಲ್ಲ ಅದರೊಳಗೇ ಇರುತ್ತದಲ್ಲ ಎಂದು. ಅದರೊಳಗಿನ ಕಸವೂ ಗಾಳಿಗೆ ಹಾರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮಾದಾಪುರದಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಲ್ಲಿನ ಒಂದು ಆಫೀಸಿನಲ್ಲಿ ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕುವುದು ನನ್ನ ಉದ್ಯೋಗ. ಸ್ವಂತ ತಪ್ಪು ಮಾಡುವುದಕ್ಕೆಂದೇ ಬಿಡುವಿನಲ್ಲಿ ನಮ್ಮ ಮನೆತನದ ವಂಶಾವಳಿಗೆ ಒಂದು ಇಮೇಲ್ ಬಳಗ ಕಟ್ಟಿದ್ದೆ. ಬೀದರ, ಗುಲ್ಬರ್ಗ, ಹೈದರಾಬಾದುಗಳಲ್ಲಿ ಚದುರಿದ ಇಪ್ಪತ್ಮೂರು ಜನ. ಒಬ್ಬರು ಬರೆದರೆ ಎಲ್ಲರಿಗೂ ಮುಟ್ಟುತ್ತಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದೆವು. ಅಜ್ಜಂದಿರ ಹೆಸರನ್ನು ಒಬ್ಬೊಬ್ಬರು ಒಂದೊಂದು ತರಹ ಹಿಂಸಿಸುತ್ತಿದ್ದರು.

ನಮ್ಮ ಕಡೆ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುತ್ತಾರೆ. ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಗಂಡ ಹೊಸ ಹೆಸರು ಬರೆದರೆ ಹಳೆಯದು ತವರಿಗೆ ಬಿಟ್ಟಂತೆ. ಇದನ್ನು ಮರೆತ ನಾನು ದಿಲ್‌ಸುಖ್‌ನಗರದ ಕಮಲಾಬಾಯಿ ಅತ್ತೆಯ ಎರಡು ಹೆಸರುಗಳನ್ನು ಇಬ್ಬರು ಹೆಂಗಸರೆಂದು ತಿಳಿದು, ಏಕಪತ್ನಿಯಲ್ಲೇ ಹೈರಾಣಾಗಿದ್ದ ಮಾವನಿಗೆ ಇಬ್ಬರು ಹೆಂಡಿರನ್ನು ಕಟ್ಟಿದೆ. ಅತ್ತೆ ನನ್ನ ತಂದೆಯ ಚಿಕ್ಕಪ್ಪನ ಮಗಳು, ನಿವೃತ್ತ ಶಿಕ್ಷಕಿ. ಕೋಚಿಂಗ್ ಹುಡುಗರ ನಡುವೆ ಇಂಟರ್ನೆಟ್ ಅಂಗಡಿಯಲ್ಲಿ ಕೂತು, ಒಂದೇ ಬೆರಳಿನಿಂದ ಬಳಗಕ್ಕೆ ತಿದ್ದುಪಡಿ ಬರೆದಳು. ಎರಡೂ ಹೆಸರು ತನ್ನವೇ. ಅವೆರಡರ ನಡುವೆ ಇನ್ನೂ ಒಂದಿತ್ತು. ಹದಿನಾಲ್ಕಕ್ಕೆ ಆದ ಮೊದಲ ಮದುವೆಯ ಹೆಸರದು. ವರ್ಷದೊಳಗೆ ಆ ಗಂಡ ತೀರಿಕೊಂಡ. ಮಾವ ಎಲ್ಲ ತಿಳಿದೇ ಕೈಹಿಡಿದದ್ದು. ಹಿರಿಯರಿಗೆ ಗೊತ್ತಿದ್ದ ಮಾತೇ. ನಾನು ವಂಶಾವಳಿ ತಿದ್ದಿದೆ.

ಆಮೇಲೆ ನಮ್ಮ ಪತ್ರಗಳನ್ನು ಬಿಟ್ಟಿಯಾಗಿ ಹೊತ್ತಿದ್ದ ಕಂಪನಿ, ಇನ್ನೊಂದು ತಿಂಗಳಲ್ಲಿ ಎಲ್ಲ ಅಳಿಸುತ್ತೇವೆ ಎಂದಿತು. ನನ್ನ ಚಟ ಹೆಡೆಯೆತ್ತಿತು. ಸಾವಿರಾರು ಪತ್ರಗಳನ್ನು ಇಳಿಸಿಕೊಂಡು ಒಂದು ವೆಬ್‌ಸೈಟಿಗೆ ಏರಿಸಿದೆ. ಯಾವ ಹೆಸರು ಟೈಪ್ ಮಾಡಿದರೂ ಜಗತ್ತಿನ ಯಾರು ಬೇಕಾದರೂ ಓದಬಹುದು ಎಂದು ಬಳಗಕ್ಕೆಲ್ಲ ಜಂಬದಿಂದ ಸಾರಿದೆ.

ಮರುದಿನವೇ ಆಫೀಸಿಗೆ ಅತ್ತೆಯ ಫೋನು. ಸಿಟ್ಟಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು.

"ನನ್ನ ಮಗಗ ಗೊತ್ತಿಲ್ಲಪಾ," ಎಂದಳು.

ಮಗ ಬಳಗದಲ್ಲಿರಲಿಲ್ಲ. ಆದರೆ ನನ್ನ ಆಫೀಸಿನಿಂದ ಎರಡೇ ಕಟ್ಟಡ ಆಚೆ ಇಡೀ ದಿನ ಇಂಟರ್ನೆಟ್ಟಿನ ಮುಂದೆ ಕೂತಿರುತ್ತಿದ್ದ. ಕೂಡಲೇ ಸೈಟು ಮುಚ್ಚಿದೆ. ಇಂಟರ್ನೆಟ್ಟಿನ ಹುಡುಕುವ ಯಂತ್ರ, ಅದೇ ಸರ್ಚ್ ಎಂಜಿನ್ನು, ಅಷ್ಟರಲ್ಲಿ ತನಗೊಂದು ಪ್ರತಿ ಎತ್ತಿಟ್ಟುಕೊಂಡಿತ್ತು; ಹೆಸರು ಕೊಟ್ಟರೆ ಪತ್ರ ಇನ್ನೂ ಕಾಣುತ್ತಿತ್ತು. ಗಂಟೆಗೊಮ್ಮೆ ಅತ್ತೆಯ ಹೆಸರು ಟೈಪ್ ಮಾಡುತ್ತಿದ್ದೆ, ಬಾಯಿಹುಣ್ಣನ್ನು ನಾಲಗೆ ಮುಟ್ಟಿ ನೋಡುವ ಹಾಗೆ. ಊಟ ರುಚಿಸಲಿಲ್ಲ. ರೈಲಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಮೊಬೈಲು ಗುನುಗಿದರೆ ಅತ್ತೆಯ ಮಗನೇನೋ ಎಂದು ಮೊದಲು ನಂಬರು ನೋಡುತ್ತಿದ್ದೆ.

ಕಾನೂನು ಓದಿದ್ದ ಸಹೋದ್ಯೋಗಿಯೊಬ್ಬನನ್ನು ಕೇಳಿದೆ. ಕಾಗದ ಪಡೆದವರದು, ಅದರಲ್ಲಿನ ಮಾತು ಬರೆದವರದು, ಅಚ್ಚು ಹಾಕಲು ಬರೆದವರ ಒಪ್ಪಿಗೆ ಬೇಕು ಎಂದ. ನಾನು ಇಪ್ಪತ್ಮೂರು ಜನರ ಮಾತನ್ನು ಕದ್ದು ಅದಕ್ಕೆ ಸೇವೆ ಎಂದು ಹೆಸರಿಟ್ಟಿದ್ದೆ. ಆಗ ನಮ್ಮೂರಿಗೆ ಬರುತ್ತಿದ್ದ ಹೆಳವ ನೆನಪಾದ. ಎತ್ತಿನ ಮೇಲೆ ಬಂದು ಏಳು ತಲೆಮಾರಿನ ಹೆಸರುಗಳನ್ನು ನಿಂತಲ್ಲೇ ಒಪ್ಪಿಸುತ್ತಿದ್ದವನು. ಅವನು ಬಾಯಿ ತೆರೆಯುವ ಮೊದಲು ಪಡಸಾಲೆಯಲ್ಲಿ ಯಾರ್ಯಾರು ಕೂತಿದ್ದಾರೆಂದು ಒಮ್ಮೆ ಕಣ್ಣಾಡಿಸುತ್ತಿದ್ದ. ನನ್ನ ಸೈಟಿಗೆ ಆ ಕಣ್ಣಿರಲಿಲ್ಲ.

ಎಂಟು ದಿನಕ್ಕೆ ಯಂತ್ರವೂ ಮರೆಯಿತು. ಅಂದೇ ದಿಲ್‌ಸುಖ್‌ನಗರಕ್ಕೆ ಹೋಗಿ ತಪ್ಪೊಪ್ಪಿಕೊಂಡೆ. ಸೈಟು ಮುಚ್ಚಿದರೂ ಇಪ್ಪತ್ಮೂರು ಜನರ ಪೆಟ್ಟಿಗೆಯಲ್ಲಿ ಆ ಪತ್ರ ಇದ್ದೇ ಇದೆ ಎಂದೂ ಹೇಳಿದೆ.

"ಇರ್ಲಿ ಬಿಡು. ಅವರಿಗೆ ನಾನಽ ಬರ್ದಿದ್ದೆ," ಎಂದಳು ಅತ್ತೆ, ಚಹಾ ಸೋಸುತ್ತ. "ನಿನ್ನ ಸೈಟಿಗೆ ಬರ್ದಿರಲಿಲ್ಲ."

ನನ್ನಲ್ಲಿರುವ ಪ್ರತಿಯನ್ನಾದರೂ ಅಳಿಸಿಬಿಡಲೇ ಎಂದರೆ ಅದೂ ಬೇಡವಂತೆ. ಆ ನಡುವಿನ ಹೆಸರು ಬರೆದಿಟ್ಟಿರುವುದು ಆ ಪತ್ರದಲ್ಲಿ ಮಾತ್ರ. ಮಗನಿಗೆ ಹೇಳುವ ದಿನ ತಾನೇ ಹೇಳುತ್ತಾಳೆ.

ಈಗ ಪ್ರತಿಯೊಬ್ಬರನ್ನೂ ಕೇಳಿಯೇ ಒಂದೊಂದು ಪತ್ರವನ್ನು ಮತ್ತೆ ಸೈಟಿಗೆ ಏರಿಸುತ್ತೇನೆ. ಹೆಚ್ಚಿನವರಿಗೆ ತಮ್ಮ ವಯಸ್ಸಷ್ಟೇ ತೆಗೆದರೆ ಸಾಕು. ಇದನ್ನು ಬರೆಯಲೂ ಅತ್ತೆಯನ್ನು ಕೇಳಿದೆ. ಹೈದರಾಬಾದಿನಲ್ಲೇ ಬೆಳೆದ ಮಗನನ್ನು ನೆನೆದು ನಕ್ಕಳು.

"ಕನ್ನಡದಾಗ ಬರೀತಿಯಲ್ಲ? ಬರಿ. ಅಂವಗ ಕನ್ನಡ ಮಾತಾಡಾಕ ಬರತೈತಿ, ಓದಾಕ ಬರಂಗಿಲ್ಲ. ಹೆಸರೊಂದು ಬದಲ್ ಮಾಡು."

ಯಾವುದು ಇಡಲಿ ಎಂದೆ. ಅತ್ತೆ ಚಹಾ ಆರುವವರೆಗೆ ಯೋಚಿಸಿದಳು. ಸೀರೆ ಅಂಗಡಿಯಲ್ಲಿ ಕೂತವರ ಮುಖ ಇತ್ತು. ಮೊದಲ ಹೆಸರು ಅಪ್ಪ ಇಟ್ಟದ್ದು, ಆಮೇಲಿನ ಎರಡು ಇಬ್ಬರು ಗಂಡಂದಿರು ಅಕ್ಕಿಯಲ್ಲಿ ಬರೆದದ್ದು. ಕಮಲಾಬಾಯಿ ಎಂಬುದನ್ನು ಮಾತ್ರ ಅರವತ್ತೆಂಟನೆಯ ವಯಸ್ಸಿನಲ್ಲಿ ಅವಳೇ ಆರಿಸಿಕೊಂಡಳು.